ಬಂಗಾರದ ಗಡಿಯಾರದ ಕುಲಗೋತ್ರ

ಹಳೆಯ ಮನೆಗಳ ಕಬ್ಬಿಣದ ಪೆಟ್ಟಿಗೆಯಲ್ಲಿ, ಒಡವೆಗಳ ನಡುವೆ, ನಿಂತುಹೋದ ಬಂಗಾರದ ಕೈಗಡಿಯಾರವೊಂದು ದೊರೆಯುವುದು ಅಪೂರ್ವವೇನಲ್ಲ. ಕಟ್ಟಿದವರು ಗತಿಸಿರುತ್ತಾರೆ, ಉಳಿದವರಿಗೆ ಅದರ ಪರಿಚಯವಿರುವುದಿಲ್ಲ. ಕಡೆಗೊಂದು ದಿನ ಅದು ಅಕ್ಕಸಾಲಿಗನ ತಕ್ಕಡಿಯನ್ನೇರುತ್ತದೆ. ಕವಚ ಕರಗುತ್ತದೆ, ಯಂತ್ರ ಕಸದ ಪಾಲಾಗುತ್ತದೆ. ತೂಕಕ್ಕೆ ಬೆಲೆ ಕಟ್ಟುವ ಮುನ್ನ ಅದರ ಕುಲಗೋತ್ರವನ್ನು ವಿಚಾರಿಸುವುದು ಲೇಸಲ್ಲವೇ?

ನಿದರ್ಶನಕ್ಕೆ, ಸ್ವಿಟ್ಜರ್ಲೆಂಡಿನ ಒಮೆಗಾ ಸಂಸ್ಥೆ 1952ರಲ್ಲಿ ಹೊರತಂದ ‘ಕಾನ್‌ಸ್ಟೆಲೇಶನ್’ ಗಡಿಯಾರವನ್ನು ತೆಗೆದುಕೊಳ್ಳೋಣ. ಹೆಸರಿನ ಅರ್ಥ ನಕ್ಷತ್ರಪುಂಜ. ಬೆನ್ನಿನ ಮೇಲೆ ಒಂದು ವೀಕ್ಷಣಾಲಯ, ಅದರ ಮೇಲಣ ಆಗಸದಲ್ಲಿ 8 ತಾರೆಗಳು. ಇದು ಅದರ ಲಾಂಛನ. ಆದರೆ ಈ ಒಂದೇ ಹೆಸರಿನಡಿಯಲ್ಲಿ ಶಾಖೆಗಳು ಹಲವು. ಅವನ್ನು ಗುರುತಿಸಲು ಮೂರು ಸಾಕ್ಷಿಗಳನ್ನು ಕರೆಯಬೇಕು: ಯಂತ್ರ, ಮುಚ್ಚಳ, ಮುಖ.

ಯಂತ್ರದ ಮೇಲೆ ಅದರ ಸಂಖ್ಯೆಯನ್ನು ಒತ್ತಿರುತ್ತಾರೆ. ಮೊದಲ ತಲೆಮಾರಿನ 354ರಲ್ಲಿ, ತಾನಾಗಿ ಕೀಲಿ ಕೊಟ್ಟುಕೊಳ್ಳುವ ಲೋಹದ ತೂಕ ಪೂರ್ತಿ ಸುತ್ತುವುದಿಲ್ಲ; ಪುಟ್ಟ ಸ್ಪ್ರಿಂಗುಗಳಿಗೆ ತಾಗಿ ಹಿಂದಿರುಗುತ್ತದೆ. ಮೆಲ್ಲನೆ ಅಲುಗಿಸಿದರೆ ಆ ಬಡಿತ ಅಂಗೈಗೇ ತಿಳಿಯುತ್ತದೆ. ಅನಂತರ ಬಂದ 501, 505, 551, 561 ಸಂಖ್ಯೆಯ ಯಂತ್ರಗಳಲ್ಲಿ ತೂಕವು ಪೂರ್ತಿ ಸುತ್ತುತ್ತದೆ. ಇವುಗಳಲ್ಲಿ 551ಕ್ಕೆ ತಾರೀಖಿಲ್ಲ, 561ಕ್ಕೆ ಉಂಟು.

ಮುಚ್ಚಳದ ಒಳಮೈಯಲ್ಲಿ ಕವಚದ ಸಂಖ್ಯೆಯಿರುತ್ತದೆ. 1960ರ ದಶಕದ ಗಡಿಯಾರಗಳಲ್ಲಿ 167ರಿಂದ ಆರಂಭವಾದರೆ ತಾರೀಖಿಲ್ಲದ್ದು, 168ರಿಂದಾದರೆ ತಾರೀಖುಳ್ಳದ್ದು. 168ರ ಕವಚದಲ್ಲಿ 551ರ ಯಂತ್ರ ಕುಳಿತಿದ್ದರೆ ಅಲ್ಲಿ ಎರಡು ಮನೆತನಗಳು ಬೆರೆತಿವೆಯೆಂದೇ ತಿಳಿಯಬೇಕು. ಅಪ್ಪಟ ಬಂಗಾರಕ್ಕೂ ಗುರುತುಂಟು. 1995ರವರೆಗೆ ಸ್ವಿಟ್ಜರ್ಲೆಂಡಿನಲ್ಲಿ 18 ಕ್ಯಾರೆಟ್ಟಿನ ಕವಚಕ್ಕೆ ಹೆಲ್ವೇಷಿಯಾ ಎಂಬ ಸ್ತ್ರೀಯ ಶಿರಸ್ಸನ್ನೂ, 14 ಕ್ಯಾರೆಟ್ಟಿನದಕ್ಕೆ ಅಳಿಲನ್ನೂ ಮುದ್ರಿಸುತ್ತಿದ್ದರು. ಉಕ್ಕಿನ ಮೇಲೆ ಬಂಗಾರದ ತಗಡು ಹೊದಿಸಿದ ಗಡಿಯಾರಗಳೂ ಇವೆ. ಮೂಲೆಗಳು ಸವೆದಲ್ಲಿ ಬಿಳಿಯ ಲೋಹ ಇಣುಕಿ ನಿಜವನ್ನು ಹೇಳುತ್ತದೆ.

ಉಳಿದದ್ದು ಮುಖ. ಅಂಚು ಇಳಿಜಾರಾಗಿ, 12 ಪಟ್ಟಿಕೆಗಳಾಗಿ ಒಡೆದು, ಬೋರಲಿಟ್ಟ ತಟ್ಟೆಯಂತೆ ಕಾಣುವ ಮುಖಕ್ಕೆ ಸಂಗ್ರಾಹಕರಲ್ಲಿ ಬಹಳ ಮನ್ನಣೆ. ಆದರೆ ಮೂವರಲ್ಲಿ ಸುಳ್ಳು ಹೇಳುವ ಸಾಕ್ಷಿಯೂ ಇದೇ. ಏಕೆಂದರೆ ಬಣ್ಣ ಬಳಿಯುವುದು ಸುಲಭ. ನನ್ನ ತಂದೆಯವರ ಗಡಿಯಾರವನ್ನು ಒಮ್ಮೆ ದುರಸ್ತಿಗೆ ಕೊಟ್ಟಿದ್ದೆ. ಕೆಲಸಗಾರ ಹಳದಿಗಟ್ಟಿದ ಮುಖಕ್ಕೆ ಹೊಸ ಬಣ್ಣ ಬಳಿದು, ಕವಚವನ್ನು ಉಜ್ಜಿ, ಹೆಮ್ಮೆಯಿಂದ ಕೈಗಿತ್ತ. ಅಕ್ಷರಗಳು ದಪ್ಪಗಾಗಿದ್ದವು; ಚೂಪಾದ ಅಂಚುಗಳು ಸಾಬೂನಿನಂತೆ ಕರಗಿದ್ದವು. ಗಡಿಯಾರ ಥಳಥಳಿಸಿತು, ನಿಜ. ತಂದೆಯವರ ಮಣಿಕಟ್ಟಿನಲ್ಲಿ ನಾನು ಕಂಡಿದ್ದ ಗಡಿಯಾರ ಮಾತ್ರ ಹೋಗಿತ್ತು.

ಆದುದರಿಂದ ಅಂತಹ ಗಡಿಯಾರ ನಿಮ್ಮ ಮನೆಯಲ್ಲಿದ್ದರೆ ಉಜ್ಜಿಸಬೇಡಿ, ಬಣ್ಣ ಬಳಿಸಬೇಡಿ. ಪಳಗಿದ ಕೈಯಿಂದ ಮುಚ್ಚಳ ತೆಗೆಸಿ, ಒಳಗಿನ ಸಂಖ್ಯೆಗಳನ್ನೂ ಮುದ್ರೆಗಳನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನು ಕಟ್ಟಿದವರ ಹೆಸರನ್ನೂ ಅದರಲ್ಲೇ ಸೇರಿಸಿ. ಆ ಒಂದು ವಿವರವನ್ನು ಯಾವ ಮುಚ್ಚಳದ ಒಳಗೂ ಯಾರೂ ಕೆತ್ತಿರುವುದಿಲ್ಲ.