ಸುಂಕವಿಲ್ಲದ ಬಂದರಿನ ಸುಂಕ ಕಟ್ಟಿದವರು

ಮಂಗಳೂರಿನಲ್ಲಿ ಕಸ್ಟಮ್ಸ್ ಏಜೆಂಟರ ಬಳಿ ಬಿಲ್ ಆಫ್ ಎಂಟ್ರಿ ಬರೆದು ಪಳಗಿದವನು ನಾನು. ಸಿಂಗಪುರಕ್ಕೆ ಬಂದು ಅದೇ ಕಸುಬು ಹಿಡಿದಾಗ ಇಲ್ಲಿನ ಸುಂಕದ ಪಟ್ಟಿ ನೋಡಿ ಬೆರಗಾದೆ. ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂ, ಅಷ್ಟೇ! ಜಿಎಸ್‌ಟಿಯದು ಬೇರೆ ಲೆಕ್ಕ.

ಇದರ ಬೇರು 1819ರಲ್ಲಿದೆ. ಬಟಾವಿಯಾ, ಮಲಾಕಾ, ಪಕ್ಕದ ರಿಯಾವ್ ಎಲ್ಲವೂ ಆಗ ಡಚ್ಚರ ಹಿಡಿತದಲ್ಲಿದ್ದವು. ಬ್ರಿಟಿಷ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ರ‍್ಯಾಫಲ್ಸ್ ಡಚ್ಚರ ಮೂಗಿನಡಿಯಲ್ಲೇ ಸಿಂಗಪುರದಲ್ಲಿ ಬಂದರು ತೆರೆದು, ಇಲ್ಲಿ ಸುಂಕವೇ ಇಲ್ಲವೆಂದ. ಮರುವರ್ಷವೇ ರಿಯಾವ್‌ನಲ್ಲಿ ಡಚ್ಚರೊಡನೆ ಕಾದಾಡಿದ ಕಡಲ ವ್ಯಾಪಾರಿ ಜನಾಂಗವಾದ ಬುಗಿಸರ ನಾಯಕ ಅರುಂಗ್ ಬಿಲಾವಾ ತನ್ನ ಜನರನ್ನು ಕಟ್ಟಿಕೊಂಡು ಇತ್ತ ಬಂದ; ಬುಗಿಸರ ವ್ಯಾಪಾರವೂ ಹಿಂದೆಯೇ ಬಂತು.

1824ರ ಮಾರ್ಚ್ 17ರಂದು ಲಂಡನ್ನಿನಲ್ಲಿ ಬ್ರಿಟಿಷರೂ ಡಚ್ಚರೂ ಒಪ್ಪಂದ ಮಾಡಿಕೊಂಡರು. ಪೂರ್ವದ ಕಡಲುಗಳಲ್ಲಿ ಒಬ್ಬರ ಬಂದರಿಗೆ ಹೋದ ಇನ್ನೊಬ್ಬರ ಹಡಗಿಗೆ, ತಮ್ಮವರು ಕಟ್ಟುವ ಸುಂಕದ ಎರಡರಷ್ಟಕ್ಕಿಂತ ಹೆಚ್ಚು ಹಾಕಕೂಡದು. ತಮ್ಮವರಿಗೆ ಸುಂಕವೇ ಇಲ್ಲದ ಸರಕಾದರೆ ಶೇಕಡಾ 6ರ ಮಿತಿ. ಸುಂಕ ಎಷ್ಟಿರಬೇಕೆಂದು ಹೇಳದೆ ತಾರತಮ್ಯಕ್ಕೆ ಮಾತ್ರ ಕಡಿವಾಣ ಹಾಕಿದ ಈ ಜಾಣತನವನ್ನು ನನ್ನಂಥ ಗುಮಾಸ್ತ ಮೆಚ್ಚಲೇಬೇಕು. ಸಿಂಗಪುರಕ್ಕೋ ಅದರ ಹಂಗೂ ಇರಲಿಲ್ಲ.

ಹಾಗಾದರೆ ಪೊಲೀಸರ ಸಂಬಳಕ್ಕೆ ದುಡ್ಡು ಎಲ್ಲಿಂದ? ಗುತ್ತಿಗೆಯಿಂದ. ಕರ್ನಾಟಕದಲ್ಲಿ 2007ರವರೆಗೆ ನಡೆದ ಸಾರಾಯಿ ಗುತ್ತಿಗೆಯನ್ನು ನೆನಪಿಸಿಕೊಳ್ಳಿ. ರ‍್ಯಾಫಲ್ಸ್‌ಗೆ ಮನಸ್ಸಿಲ್ಲದಿದ್ದರೂ ಇಲ್ಲಿನ ಆಡಳಿತಗಾರ ಫರ್ಕ್ವಾರ್ 1820ರಲ್ಲಿ ಅಫೀಮು, ಸಾರಾಯಿ, ಜೂಜಿನ ಹಕ್ಕುಗಳನ್ನು ಗುತ್ತಿಗೆಗೆ ಕೊಟ್ಟ. ಜೂಜಿನದು 1829ರಲ್ಲಿ ನಿಂತಿತು; ಅಫೀಮಿನದು ಮಾತ್ರ ಬೆಳೆಯುತ್ತಲೇ ಹೋಯಿತು. ಕಲ್ಕತ್ತೆಯಲ್ಲಿ ಹರಾಜಾದ ನಮ್ಮ ನೆಲದ ಅಫೀಮನ್ನು ಗುತ್ತಿಗೆದಾರ ಇಲ್ಲಿ ಬೇಯಿಸಿ ಮಾರುತ್ತಿದ್ದ. ಕೊಳ್ಳುವವರು ಬಹುಪಾಲು ಚೀನೀ ಕೂಲಿಗಳು: ಕರಿಮೆಣಸಿನ ತೋಟದವರು, ಧಕ್ಕೆಯ ಹಮಾಲರು. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಸರ್ಕಾರದ ಆದಾಯದ ಸುಮಾರು ಅರ್ಧ ಹುಟ್ಟಿದ್ದು ಅವರ ಚಟದಿಂದ.

ನಾನಿರುವ ಬಿಶಾನ್ ಒಂದು ಕಾಲಕ್ಕೆ ಇಂಥ ವಲಸಿಗರ ಮಸಣ. ಕ್ಯಾಂಟನೀಸ್ ಮತ್ತು ಹಕ್ಕಾ ಜನ 1870ರಲ್ಲಿ ಸ್ಥಾಪಿಸಿದ ಪೆಕ್ ಸಾನ್ ಥೆಂಗ್ ಅದು. 1980ರ ದಶಕದಲ್ಲಿ ಗೋರಿಗಳನ್ನು ತೆಗೆದು ಇಲ್ಲಿ ವಸತಿ ಕಟ್ಟಡಗಳನ್ನು ಎಬ್ಬಿಸಿದರು. ಬಂದರಿನ ಕಥೆ ಹೇಳುವವರು ರ‍್ಯಾಫಲ್ಸ್‌ನ ಪ್ರತಿಮೆಯ ಮುಂದೆ ನಿಲ್ಲುತ್ತಾರೆ. ಇಲ್ಲಿಗೂ ಒಮ್ಮೆ ಬರಬೇಕಿತ್ತು.

1910ರಲ್ಲಿ ಸರ್ಕಾರ ಗುತ್ತಿಗೆದಾರರನ್ನು ಬಿಡಿಸಿ ಅಫೀಮಿನ ವ್ಯಾಪಾರಕ್ಕೆ ತಾನೇ ಇಳಿಯಿತು. ಕೂಲಿಗಳು ಹೀಗೆ ತೆರುತ್ತಿದ್ದರೆ, ಸುಂಕವಿಲ್ಲದ ಬಂದರಿನಿಂದ ಕೊಬ್ಬಿದ ವರ್ತಕರು ಆದಾಯ ತೆರಿಗೆಯ ಮಾತೆತ್ತಿದಾಗೆಲ್ಲ ಗಲಾಟೆ ಎಬ್ಬಿಸಿದರು. ಭಾರತದಲ್ಲಿ 1860ರಲ್ಲೇ ಕಾಲಿಟ್ಟಿದ್ದ ಆ ತೆರಿಗೆ ಸಿಂಗಪುರದಲ್ಲಿ ಕಾಯಂ ಆದದ್ದು 1948ರಲ್ಲಿ.