ಬಾಡಿಗೆ ಮನೆಗೂ ಬಾಗಿಲುಂಟು!

ಒಲೆ ಮೇಲೆ ಹಾಲು, ಹಂಡೆಯಲ್ಲಿ ನೀರು ಕಾಯುತ್ತಿರುವ ಹೊತ್ತು. ಹೇಳದೆ ಕೇಳದೆ ಮನೆ ಮಾಲೀಕರು ಒಳಕ್ಕೆ ಹಾಜರ್! ‘ನಮ್ಮನೆ, ಯಾವಾಗ ಬಂದ್ರೇನ್ರೀ?’ ಎಂಬುದು ಅವರ ವಾದ. ಬಾಡಿಗೆದಾರರು ಹಲ್ಲು ಕಚ್ಚಿ ಸುಮ್ಮನಾಗುತ್ತಾರೆ.

ಸುಮ್ಮನಾಗಬೇಕಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದರೆ, ಬಾಡಿಗೆ ಕಟ್ಟಿ ಷರತ್ತು ಪಾಲಿಸುವವರು ಅವಧಿ ಮುಗಿಯುವ ತನಕ ಅಡ್ಡಿಯಿಲ್ಲದೆ ಇರಬಹುದು. ಮನೆಯ ಸ್ಥಿತಿಗತಿ ನೋಡಲು ಮಾಲೀಕರಿಗೂ ಹಕ್ಕುಂಟು. ಆದರೆ ಹೊತ್ತುಗೊತ್ತು ನೋಡಿ ಬರಬೇಕು.

24 ಗಂಟೆ ಮುಂಚೆ ತಿಳಿಸಬೇಕು, ಕತ್ತಲಾದ ಮೇಲೆ ಬರಕೂಡದು ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ. ಅದು ಬರೀ ಮಾದರಿ. ರಾಜ್ಯ ಒಪ್ಪಿ ಜಾರಿಗೆ ತಂದರಷ್ಟೇ ಕಾನೂನು. ಅದಕ್ಕೇ, ಕರಾರುಪತ್ರದಲ್ಲೇ ಆ ಮಾತು ಬರೆಸಿಕೊಳ್ಳುವುದು ಜಾಣತನ.

ಕರೆಂಟು ಕಳವು ಹಿಡಿಯಲು ಬರುವ ಅಧಿಕಾರಿಗಳಿಗೂ ಲಗಾಮುಂಟು. 2003ರ ವಿದ್ಯುತ್ ಕಾಯಿದೆಯಂತೆ, ಮನೆಯಲ್ಲಿ ವಾಸವಿರುವ ವಯಸ್ಕ ಗಂಡಸರೊಬ್ಬರು ಹಾಜರಿಲ್ಲದೆ ರಾತ್ರಿ ತಪಾಸಣೆ ಸಲ್ಲದು.

‘ನಾಳೆ ಹತ್ತು ಗಂಟೆಗೆ ಬನ್ನಿ ಸಾರ್’ ಎನ್ನುವುದು ಸೊಕ್ಕಲ್ಲ. ಗೋಡೆ ಮಾಲೀಕರದ್ದಾದರೂ, ಕರಾರು ಇರುವ ತನಕ ಹೊಸ್ತಿಲು ಬಾಡಿಗೆ ಕಟ್ಟುವವರದ್ದು.