ಬಾಗಿಲು ಹಾಕಿದರೂ ಆರದ ದೀಪ

ಅಕ್ಕಲಕೋಟೆ ಕಡೆಯಿಂದ ಸೊಲ್ಲಾಪುರದ ಮಾರುಕಟ್ಟೆಗೆ ಉಳ್ಳಾಗಡ್ಡಿ ಸಾಗಿಸಲು ಹಳೇ ಪಿಕಪ್ ಕೊಂಡಿರಾ? ರಾತ್ರಿ ಬಾಗಿಲು ಹಾಕಿ ಒಮ್ಮೆ ಒಳಗೆ ನೋಡಿರಿ. ಕ್ಯಾಬಿನ್ ದೀಪ ಮಿಣಮಿಣ ಅನ್ನುತ್ತಿದ್ದರೆ ‘ಇರಲಿ ಬಿಡೋ, ಸಣ್ಣ ದೀಪ’ ಅಂತ ಸುಮ್ಮನಾಗಬೇಡಿ. ನಾಲ್ಕು ದಿನ ನಿಂತ ಗಾಡಿ ನಸುಕಿನಲ್ಲಿ ಸ್ಟಾರ್ಟ್ ಆಗದಿದ್ದರೆ ಅಂದಿನ ಸವಾಲು ಕೈತಪ್ಪಿತು.

ಮೊದಲು ಬಲ್ಬ್ ನೋಡಿರಿ. ಎಲ್‌ಇಡಿ ಕೆಲವೇ ಮಿಲಿಆಂಪ್ ಕರೆಂಟಿಗೂ ಹೊಳೆಯುತ್ತದೆ. ಅದನ್ನು ತೆಗೆದು ಗಾಡಿಗೆ ಒಪ್ಪುವ ಹಳೇ ತಂತಿ ಬಲ್ಬ್ ಹಾಕಿರಿ. ಪೂರ್ತಿ ಆರಿದರೆ ದೀಪದ ದಾರಿಯಲ್ಲಿ ಸೋರುವುದು ಅಲ್ಪ. ಅದೂ ಮಿಣುಕಿದರೆ ಬಾಗಿಲ ಸ್ವಿಚ್ಚುಗಳ ವೈರನ್ನು ಒಂದೊಂದಾಗಿ ಕಳಚಿರಿ. ಯಾವುದು ಕಳಚಿದಾಗ ದೀಪ ಆರುತ್ತದೋ ಆ ಸ್ವಿಚ್ಚಿಗೆ ಧೂಳು, ತುಕ್ಕು ಹಿಡಿದಿದೆ. ಒರೆಸಿ, ಇಲ್ಲವೇ ಬದಲಿಸಿ.

ಆಗಲೂ ಆರಲಿಲ್ಲವೇ? ಹಿಂದಿನ ಮಾಲಕರು ಹಾಡಿನ ಪೆಟ್ಟಿಗೆಗೋ ಅಲಾರಮ್ಮಿಗೋ ಎಳೆಸಿದ ವೈರು ಹುಡುಕಿರಿ. ಗಾಡಿ ಬಂದ್ ಮಾಡಿ ಅರ್ಧ ತಾಸಿನ ನಂತರ ಬ್ಯಾಟರಿಯ ನೆಗೆಟಿವ್ ಕಳಚಿ, ನಡುವೆ 10 ಆಂಪಿನ ಮೀಟರ್ ಜೋಡಿಸಿರಿ. 50 ಮಿಲಿಆಂಪ್ ಮೀರಿದರೆ ಫ್ಯೂಸುಗಳನ್ನು ಒಂದೊಂದಾಗಿ ತೆಗೆಯಿರಿ. ಮೀಟರ್ ಇಳಿದಲ್ಲೇ ಕಳ್ಳನಿದ್ದಾನೆ. ಮೀಟರ್ ಇರುವಾಗ ಚಾವಿ ಮಾತ್ರ ತಿರುಗಿಸಬಾರದು. ದೊಡ್ಡ ಫ್ಯೂಸ್ ಹಾಕುವುದು ಉಪಾಯವಲ್ಲ, ಬೆಂಕಿಗೆ ದಾರಿ.